ಲೂಪಿನ ಪಕ್ಕದಲ್ಲಿ ಬೆಳೆದ ಕೂಸು

ಆ ಚೀಟಿಯ ಮೇಲೆ ‘ಬದುಕಿರುವ ಮಕ್ಕಳು: ಮೂರು’ ಎಂದು ಬರೆದವಳು ನಾನೇ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಆ ಹೆಂಗಸಿಗೆ ಬದುಕಿರುವ ಮಗು ಒಂದೂ ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕನೇ ತಿಂಗಳಲ್ಲಿ ಒಂದು, ಐದನೇ ತಿಂಗಳಲ್ಲಿ ಎರಡು, ಹೀಗೆ ಮೂರು ಬಸಿರು ಕಳೆದುಕೊಂಡಿದ್ದಳು. ಅದರಲ್ಲಿ ಎರಡನ್ನು ನಾನೇ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಅವಳ ಗಂಡನ ಕೈಗೆ ಕೊಟ್ಟಿದ್ದೆ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹೋಬಳಿ ಊರಿನ ಆರೋಗ್ಯ ಘಟಕದಲ್ಲಿ ನಾನು ಮಿಡ್‌ವೈಫ್. ಜನರ ಬಾಯಲ್ಲಿ ನರ್ಸಮ್ಮ. ಸುತ್ತಲಿನ ಹನ್ನೊಂದು ಹಳ್ಳಿಗಳ ಬಸುರಿ, ಬಾಣಂತಿಯರೆಲ್ಲ ನನ್ನ ಪಾಲು. ಅಷ್ಟು ಸಾಲದೆಂದು ಸರ್ಕಾರ ಲೂಪು ತಂದಿತ್ತು. ಎರಡು ಬಾರಿ ಬಳುಕಿದ ಪ್ಲಾಸ್ಟಿಕ್ ತಂತಿ, ಅದರ ತುದಿಗೆ ಎರಡು ನೈಲಾನ್ ದಾರ. ಕೊಳವೆಯೊಳಗೆ ನೆಟ್ಟಗೆ ಎಳೆದು ತುಂಬಿ ಗರ್ಭಕೋಶದ ಬಾಯಿಯಿಂದ ತಳ್ಳಿದರೆ ಒಳಗೆ ಹೋಗಿ ಮತ್ತೆ ಬಳುಕಿ ಕೂರುತ್ತದೆ. ಅದು ಇರುವ ತನಕ ಮಕ್ಕಳಾಗುವುದಿಲ್ಲ. ಬೇಡವೆಂದರೆ ದಾರ ಹಿಡಿದು ಎಳೆದರಾಯಿತು. ವಸ್ತುವಿನ ಮೇಲೆ ನನಗೆ ಸಿಟ್ಟಿರಲಿಲ್ಲ. ಅದನ್ನು ತಲೆ ಎಣಿಸಿ ಹಾಕಿಸುತ್ತಿದ್ದವರ ಮೇಲಿತ್ತು.

ತಲೆ ಎಣಿಸುತ್ತಿದ್ದವನು ನಮ್ಮ ಹೆಲ್ತ್ ಇನ್ಸ್‌ಪೆಕ್ಟರ್. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಕ್ಯಾಂಪಿಗೆ ಒಂದು ವಾರ ಮೊದಲು ನನ್ನನ್ನು ಕರೆದು ಹೇಳಿದ್ದ: “ಇಪ್ಪತ್ತು ಜನ ಬೇಕು ಕಣಮ್ಮ. ಜಿಲ್ಲೆಯಿಂದ ದೊಡ್ಡೋರು ಬರ್ತಾರೆ. ಕಮ್ಮಿಯಾದ್ರೆ ನಿನ್ನ ಎಚ್.ಡಿ. ಕೋಟೆ ಕಾಡಿಗೆ ಹಾಕಿಸ್ತೀನಿ. ಅಲ್ಲಿ ಆನೆಗಳಿಗೆ ಹೆರಿಗೆ ಮಾಡಿಸ್ಕೊಂಡಿರು.” ಹೇಳಿ ತಾನೇ ನಕ್ಕ. ನಾನು ಆಗಿನ್ನೂ ಕಾಯಂ ಆಗಿರಲಿಲ್ಲ. ಕೆ.ಆರ್. ನಗರದಲ್ಲಿ ನನ್ನ ತಾಯಿ ಕಾಯಿಲೆ ಮಲಗಿದ್ದಳು. ವಾರಕ್ಕೊಮ್ಮೆ ಬಸ್ಸು ಹತ್ತಿ ಅವಳನ್ನು ನೋಡಿಕೊಂಡು ಬರುತ್ತಿದ್ದೆ. ಕೋಟೆ ಕಾಡಿಗೆ ಹೋದರೆ ಅದೂ ಇಲ್ಲ. ಇದನ್ನು ನೆಪವೆಂದು ಹೇಳುತ್ತಿಲ್ಲ, ನಡೆದದ್ದು ಹೇಳುತ್ತಿದ್ದೇನೆ.

ಮನೆಮನೆ ತಿರುಗಿ ಇಪ್ಪತ್ತು ಜನರನ್ನು ಒಪ್ಪಿಸಿದ್ದೆ. ಕ್ಯಾಂಪಿನ ಹಿಂದಿನ ದಿನ ಯಾರೋ ಪುಣ್ಯಾತ್ಗಿತ್ತಿ, ಲೂಪು ಒಳಗಿಂದ ಮೇಲಕ್ಕೆ ಹತ್ತಿ ಎದೆಗೆ ಚುಚ್ಚುತ್ತದೆಂದು ಸುದ್ದಿ ಹಬ್ಬಿಸಿದಳು. ಬೆಳಗ್ಗೆ ಶಾಲೆಯ ಜಗುಲಿಯ ಮೇಲೆ ಹದಿನಾಲ್ಕು ಜನ ಕೂತಿದ್ದರು. ಇನ್ಸ್‌ಪೆಕ್ಟರ್ ಮೂರು ಸಲ ಎಣಿಸಿದ. ಎಣಿಸಿದಷ್ಟು ಸಲವೂ ನನ್ನ ಮುಖ ನೋಡಿದ.

ಅದೇ ಹೊತ್ತಿಗೆ ಆ ಅತ್ತೆ ಸೊಸೆಯನ್ನು ಕರೆದುಕೊಂಡು ಬಂದಳು. ಘಟಕದಿಂದ ಎರಡು ಮೈಲಿ ದೂರದ ಹಳ್ಳಿಯವರು. ಅತ್ತೆ ಗಟ್ಟಿ ಹೆಂಗಸು, ಗಂಡ ಸತ್ತ ಮೇಲೆ ಹೊಗೆಸೊಪ್ಪಿನ ಹೊಲವನ್ನೂ ಒಬ್ಬನೇ ಮಗನನ್ನೂ ಒಂದೇ ಜೋರಿನಲ್ಲಿ ಆಳುತ್ತಿದ್ದವಳು. ಸೊಸೆಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಅವಳು ನನ್ನನ್ನು ಅಕ್ಕ ಅನ್ನುತ್ತಿದ್ದಳು.

“ನರ್ಸಮ್ಮ, ಇವ್ಳ್ಗೂ ಒಂದು ಹಾಕ್ಸು,” ಅಂದಳು ಅತ್ತೆ. “ಸಾಲಿಗ್ರಾಮದಲ್ಲಿ ನಮ್ಮಕ್ಕಂಗೆ ಗರ್ಭ ಜಾರಿತ್ತು. ಮೈಸೂರ್ನಾಗೆ ಒಳಗೊಂದು ರಿಂಗು ಮಡಗುದ್ರು. ಈಗ ಕಲ್ಲಂಗವ್ಳೆ, ನಾಟಿ ಮಾಡ್ತಾಳೆ. ಇವ್ಳ್ದೂ ಜಾರೋದೆ ಅಲ್ವ? ಒಂದು ಮಡಗ್ಬುಟ್ರೆ ಬಸ್ರು ನಿಂತ್ಕತದೆ.”

ಗರ್ಭಕೋಶ ಕೆಳಗೆ ಇಳಿದ ಮುದುಕಿಯರಿಗೆ ಅದನ್ನು ಎತ್ತಿ ಹಿಡಿಯಲು ರಬ್ಬರಿನ ರಿಂಗು ಹಾಕುತ್ತಾರೆ, ನಿಜ. ಅದೇ ಬೇರೆ, ಇದೇ ಬೇರೆ. ಅವಳ ತಪ್ಪು ನನಗೆ ಆ ಕ್ಷಣವೇ ಅರ್ಥವಾಯಿತು. ಒಂದೇ ಮಾತಿನಲ್ಲಿ ತಿದ್ದಬಹುದಿತ್ತು. ಸೊಸೆ ನನ್ನನ್ನೇ ನೋಡುತ್ತಿದ್ದಳು. ಅತ್ತೆ ಅವಳ ಎದುರಿಗೇ ಮುಂದುವರಿಸಿದಳು: “ಇನ್ನೊಂದು ಸಲ ನೋಡ್ತೀನಿ. ಆಗ್ನಿಲ್ಲ ಅಂದ್ರೆ ಚುಂಚನಕಟ್ಟೆ ಕಡೆ ಎಣ್ ನೋಡಿವ್ನಿ, ತಂದು ಮಡಿಕತೀನಿ. ಇವ್ಳು ಬೇಕಾದ್ರೆ ಇರ್ಲಿ, ಬ್ಯಾಡಂದ್ರೆ ಓಗ್ಲಿ.”

ಇನ್ಸ್‌ಪೆಕ್ಟರ್ ಹಿಂದಿನಿಂದ “ಹದಿನೈದು,” ಅಂದ. ನಾನು ಚೀಟಿ ತೆಗೆದುಕೊಂಡು ಬರೆದೆ.

ಜೀಪಿನಲ್ಲಿ ಬಂದಿದ್ದ ಲೇಡಿ ಡಾಕ್ಟರ್ ಚೀಟಿ ನೋಡಿದರು, ಅಷ್ಟೇ. ಹದಿನೈದು ಜನಕ್ಕೆ ಒಂದೂವರೆ ಗಂಟೆ. ಹೊಟ್ಟೆ ಮುಟ್ಟಿ ನೋಡಿ, ಆಳ ನೋಡಲು ಅಳತೆ ಕಡ್ಡಿ ಹಾಕಿ, ಲೂಪು ತಳ್ಳಿ, ದಾರ ಕತ್ತರಿಸಿ, ಮುಂದಿನವರು ಬನ್ನಿ. ಟಾರ್ಚು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದವಳು ನಾನು. ಈ ಸೊಸೆಯ ಸರದಿ ಬಂದಾಗ ಅಳತೆ ಕಡ್ಡಿ ನೆಟ್ಟಗೆ ಹೋಗಲಿಲ್ಲ. ಡಾಕ್ಟರ್ ಸ್ವಲ್ಪ ತಿರುಗಿಸಿದರು, ಎಡಕ್ಕೆ ಜಾರಿ ಒಳಗೆ ಹೋಯಿತು. “ಗರ್ಭಕೋಶ ಎಡಕ್ಕೆ ವಾಲಿದೆ,” ಎಂದು ತಮ್ಮಷ್ಟಕ್ಕೆ ಹೇಳಿ ಲೂಪನ್ನೂ ಅದೇ ದಾರಿಯಲ್ಲಿ ತಳ್ಳಿದರು. ಸೊಸೆ ಹಲ್ಲು ಕಚ್ಚಿಕೊಂಡು ನನ್ನ ಸೆರಗು ಹಿಡಿದಿದ್ದಳು. ಎದ್ದ ಮೇಲೆ, “ಇನ್ನು ಜಾರಲ್ವಾ ಅಕ್ಕ?” ಎಂದು ಕೇಳಿದಳು. “ನಡಿ, ನಿಧಾನವಾಗಿ ನಡಿ,” ಅಂದೆ. ಅದು ಉತ್ತರವಲ್ಲ, ಅವಳಿಗದು ಗೊತ್ತಾಗಲಿಲ್ಲ.

ಐದು ಜನ ಕಮ್ಮಿಯಾದರೂ ಬಂದ ದೊಡ್ಡವರಿಗೆ ಊಟ ಚೆನ್ನಾಗಿತ್ತು. ನನ್ನ ವರ್ಗ ತಪ್ಪಿತು.

ಹದಿನೈದು ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ತೆಗೆದುಬಿಡೋಣ, ಯಾರಿಗೂ ತಿಳಿಯುವುದಿಲ್ಲ ಎಂದು ಇಕ್ಕಳ, ಡೆಟಾಲ್ ಚೀಲಕ್ಕೆ ಹಾಕಿಕೊಂಡು ಅವರ ಮನೆಗೆ ಹೋದೆ. ಅತ್ತೆ ಬಾಗಿಲಲ್ಲೇ ತಡೆದಳು.

“ಯಾಕ್ ತಗೀಬೇಕು?”

“ಇವಳಿಗೆ ಇದು ಸರಿಹೋಗಲ್ಲಮ್ಮ.”

“ಏನ್ ಸರಿಹೋಗಲ್ಲ? ಉಣ್ತಾಳೆ, ಮನಗ್ತಾಳೆ. ನೋವಿಲ್ಲ ಗೀವಿಲ್ಲ. ಇಡ್ಕೊಳ್ಳೋದ್ನ ಕಿತ್ಕೊಂಡೋಗಕ್ಕೆ ಬಂದಿದ್ದೀಯಲ್ಲ, ನಮ್ ಮನೇಲಿ ಕೂಸಾಡೋದು ನಿಂಗೆ ಬ್ಯಾಡ್ವಾ?”

ಇದು ಬಸಿರು ನಿಲ್ಲಿಸುವುದಲ್ಲ, ಬಸಿರೇ ಆಗದ ಹಾಗೆ ಮಾಡುವುದು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಿದರೆ ಅವತ್ತು ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳೆ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ವಾಪಸ್ಸು ಬಂದೆ. ಮತ್ತೊಂದು ತಿಂಗಳು ಬಿಟ್ಟು ಹೋದಾಗಲೂ ಅದೇ ಕತೆ. ಈ ಸಲ ಅತ್ತೆ ಅಂಗಳದ ನಾಯಿಯನ್ನು ಕಟ್ಟಿಹಾಕುವ ಗೋಜಿಗೂ ಹೋಗಲಿಲ್ಲ.

ಹೊಗೆಸೊಪ್ಪಿನ ಎಲೆ ಮುರಿಯುವ ಕಾಲಕ್ಕೆ ಸೊಸೆ ತಾನಾಗಿ ಘಟಕಕ್ಕೆ ನಡೆದು ಬಂದಳು. ಕೈಯೆಲ್ಲ ಸೊಪ್ಪಿನ ಅಂಟು, ಕರ್ರಗೆ. ತಿಂಗಳು ನಿಂತು ಮೂರಾಯಿತೆಂದಳು. ನಾನು ನಂಬಲಿಲ್ಲ. ಮಲಗಿಸಿ ನೋಡಿದೆ. ಗರ್ಭಕೋಶದ ಬಾಯಿಯಲ್ಲಿ ಲೂಪಿನ ಎರಡು ದಾರ ಸರಿಯಾಗಿ ಕಾಣುತ್ತಿತ್ತು. ಅಂದರೆ ಲೂಪು ಒಳಗೇ ಇದೆ. ಹೊಟ್ಟೆ ಮುಟ್ಟಿದರೆ ಮೂರು ತಿಂಗಳ ಗರ್ಭವೂ ಸ್ಪಷ್ಟ. ಆದರೆ ಅದು ಬಲಗಡೆ ಇತ್ತು. ಎಡಗಡೆ ಗಟ್ಟಿಯಾದ ಇನ್ನೊಂದು ಸಣ್ಣ ಗಡ್ಡೆ ಕೈಗೆ ಸಿಕ್ಕಿತು.

ನಮ್ಮ ಘಟಕದ ಡಾಕ್ಟರರನ್ನು ಕರೆದೆ. ಅವರಿಗೆ ಹೊರಡುವ ಅವಸರ. ಬಾಗಿಲಲ್ಲೇ ನಿಂತು ಕೇಳಿ, “ಲೂಪು ಫೇಲಾಗಿದೆ, ಅಷ್ಟೇ. ದಾರ ಹಿಡಿದು ಎಳೆದುಬಿಡು. ಉಳಿದರೆ ಉಳೀತು, ಹೋದರೆ ಹೋಯ್ತು. ಅವಳಿಗೇನು, ಮೂರಿದೆಯಲ್ಲ,” ಅಂದರು. ಕ್ಯಾಂಪಿನ ಚೀಟಿ ಅವರ ಫೈಲಿನಲ್ಲಿತ್ತು. ನಾನು ಬರೆದ ಸುಳ್ಳು ನನ್ನ ಮುಖಕ್ಕೇ ಹೊಡೆಯಿತು.

ಇಕ್ಕಳ ಕೈಯಲ್ಲಿ ಹಿಡಿದೆ. ದಾರದ ತುದಿಯನ್ನು ಕಚ್ಚಿಸಿಯೂ ಆಯಿತು. ಆಗ ತಲೆಗೆ ಹೊಳೆದದ್ದು ಒಂದೇ ಪ್ರಶ್ನೆ. ಹಿಂದಿನ ಎರಡು ಬಸಿರಿನಲ್ಲಿ ನಾನು ಹೊಟ್ಟೆ ಮುಟ್ಟಿದಾಗ ಗರ್ಭ ಎಡಗಡೆಗೇ ಇತ್ತು. ವಾಲಿದೆ ಅಂದುಕೊಂಡಿದ್ದೆ. ಕ್ಯಾಂಪಿನಲ್ಲಿ ಕಡ್ಡಿಯೂ ಎಡಕ್ಕೆ ಹೋಯಿತು. ಈಗ ಬಲಕ್ಕಿದೆ. ಒಬ್ಬಳ ಗರ್ಭಕೋಶ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಮನೆ ಬದಲಾಯಿಸುತ್ತದೆಯೇ? ಇಕ್ಕಳ ಸಡಿಲಿಸಿದೆ.

“ಎಳೆಯಲ್ಲ ಸಾರ್,” ಅಂದೆ.

“ಏನಂದೆ?”

“ಎಳೆಯಲ್ಲ. ಮೈಸೂರಿಗೆ ಕರ್ಕೊಂಡು ಹೋಗ್ತೀನಿ.”

“ನಿನಗೆ ಡಾಕ್ಟರಾಗೋ ಆಸೆ ಯಾವಾಗ ಹುಟ್ಟಿತಮ್ಮ?” ಅಂದರು. ರಜೆ ಕೊಡುವುದಿಲ್ಲ, ಹೋದರೆ ಗೈರುಹಾಜರಿ ಹಾಕುತ್ತೇನೆ ಎಂದರು. ಹಾಕಿಕೊಳ್ಳಿ ಅಂದೆ. ನನ್ನ ಸಿಟ್ಟು ಅವರ ಮೇಲಿತ್ತೋ ನನ್ನ ಮೇಲಿತ್ತೋ ಆಗ ಬಿಡಿಸಿ ನೋಡುವಷ್ಟು ಪುರುಸೊತ್ತಿರಲಿಲ್ಲ.

ಬಸಿರು ಉಳಿಯಬೇಕಾದರೆ ದೊಡ್ಡ ಡಾಕ್ಟರು ನೋಡಬೇಕೆಂದು ಅತ್ತೆಯನ್ನು ಒಪ್ಪಿಸಿ, ಎರಡು ದಿನ ಬಿಟ್ಟು ಅತ್ತೆ, ಸೊಸೆ, ನಾನು ಮೂವರೂ ಹುಣಸೂರಿಗೆ ಹೋಗಿ ಅಲ್ಲಿಂದ ಮೈಸೂರಿನ ಬಸ್ಸು ಹಿಡಿದೆವು. ಬಸ್ಸು ಕುಲುಕಿದಾಗಲೆಲ್ಲ ಅತ್ತೆ ಡ್ರೈವರನ ಮನೆತನವನ್ನು ಬೈದಳು. ನನ್ನ ಕೈಯಿಂದ ಕಾಫಿ ಕುಡಿಯಲಿಲ್ಲ. ಲೂಪು ಕಿತ್ತುಕೊಂಡು ಹೋಗಲು ಎರಡು ಸಲ ಬಂದವಳೆಂದು ಅವಳಿಗೆ ನನ್ನ ಮೇಲೆ ಗುಮಾನಿ.

ಮೈಸೂರಿನ ಆಸ್ಪತ್ರೆಯಲ್ಲಿ ನಮಗೆ ಸಿಕ್ಕ ಹಿರಿಯ ಡಾಕ್ಟರಮ್ಮ ನಗುವವರಲ್ಲ. ತರಬೇತಿಯ ಕಾಲದಿಂದಲೂ ನಾನು ಅವರಿಗೆ ಹೆದರುತ್ತಿದ್ದೆ. ಬಹಳ ಹೊತ್ತು ಪರೀಕ್ಷೆ ಮಾಡಿದರು. ಎರಡು ಕೈಯ ನಡುವೆ ಹೊಟ್ಟೆಯನ್ನು ಹಿಡಿದು ಮೆಲ್ಲಗೆ ಅತ್ತ ಇತ್ತ ತಡವಿದರು. ಆಮೇಲೆ ನನ್ನ ಕೈಯನ್ನು ಎಳೆದು ಹೊಕ್ಕುಳ ಕೆಳಗೆ ಒತ್ತಿದರು. ಎರಡು ಗಡ್ಡೆಗಳ ನಡುವೆ ಒಂದು ತಗ್ಗು ನನ್ನ ಬೆರಳಿಗೆ ಸಿಕ್ಕಿತು.

“ಗೊತ್ತಾಯ್ತಾ?” ಅಂದರು. “ಎರಡು ಕೊಂಬಿನ ಗರ್ಭಕೋಶ. ಬಾಯಿ ಒಂದೇ, ಒಳಗೆ ಕೋಣೆ ಎರಡು. ಎಡಗಡೆಯದು ಚಿಕ್ಕದು, ಬಸಿರು ಅಲ್ಲಿ ನಿಂತಾಗ ಬೆಳೆಯೋಕೆ ಜಾಗ ಸಾಲದೆ ಬಿದ್ದುಹೋಗಿದೆ. ಲೂಪು ಇರೋದು ಅದರಲ್ಲೇ. ಈ ಮಗು ಬಲಗಡೆ ಕೋಣೆಯಲ್ಲಿದೆ. ನೀನು ದಾರ ಎಳೆದಿದ್ದರೆ ಲೂಪಿನ ಜೊತೆ ಮಗುವೂ ಹೋಗ್ತಿತ್ತೇನೋ.”

ಅತ್ತೆಗೆ ಅರ್ಥವಾಗಲಿ ಎಂದು, “ಹಸುವಿಗೆ ಇರುತ್ತಲ್ಲಮ್ಮ, ಗರ್ಭಕೋಶಕ್ಕೆ ಎರಡು ಕೊಂಬು, ಹಾಗೆ,” ಅಂದರು.

ಅತ್ತೆ ತಟ್ಟನೆ, “ಅಸೀಗೆ ಅಂಗಿದ್ರೂ ಕರ ಆಯ್ತದಲ್ಲ ಮತ್ತೆ,” ಅಂದಳು. ಡಾಕ್ಟರಮ್ಮ ಎದ್ದು ಕೈ ತೊಳೆದುಕೊಂಡರು.

“ಮಕ್ಕಳೆಷ್ಟು?” ಎಂದು ಕೇಳಿದರು ಕೊನೆಗೆ.

“ಎಲ್ಲಿವೆ ಮಕ್ಳು? ಒಂದೂ ಇಲ್ಲ,” ಅಂದಳು ಅತ್ತೆ.

ಡಾಕ್ಟರಮ್ಮ ಅವರಿಬ್ಬರನ್ನೂ ಹೊರಗೆ ಕಳಿಸಿದರು. ಬಾಗಿಲು ಹಾಕಿ ನನ್ನನ್ನು ಕೇಳಿದರು: “ಮಕ್ಕಳಿಲ್ಲದವಳಿಗೆ ಲೂಪು ಹಾಕಿದವರು ಯಾರು?”

“ಕ್ಯಾಂಪಿನಲ್ಲಿ ಹಾಕಿದ್ದು ಮೇಡಂ. ಮೂರು ಮಕ್ಕಳು ಅಂತ ಚೀಟಿ ಬರೆದವಳು ನಾನು.”

ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು. “ಮೇಲಿನವರಿಗೆ ನಾನು ಬರೆಯೋದಿಲ್ಲ. ಬರೆದರೆ ನಿನ್ನೊಬ್ಬಳ ತಲೆ ಹೋಗುತ್ತೆ, ಕ್ಯಾಂಪು ಮಾಡಿಸಿದವರು ಹಾಗೇ ಇರ್ತಾರೆ. ಆದರೆ ಆ ಹುಡುಗಿಗೆ ನೀನೇ ಹೇಳಬೇಕು. ನಾನು ಹೇಳಲ್ಲ,” ಅಂದರು. ಹೇಳುತ್ತೇನೆ ಅಂದೆ.

ಒಂದು ಮಾತು ಕೇಳಿಯೇಬಿಟ್ಟೆ: ಎಡಗಡೆ ಲೂಪು ಇದ್ದದ್ದಕ್ಕೇ ಈ ಸಲ ಬಸಿರು ಬಲಗಡೆಗೆ ಹೋಯಿತೇ? “ಇರಬಹುದು, ಇಲ್ಲದೆಯೂ ಇರಬಹುದು. ಯಾರಿಗೂ ಗೊತ್ತಿಲ್ಲ. ಅದನ್ನು ಹಿಡ್ಕೊಂಡು ನೆಮ್ಮದಿಯಾಗಿರೋಕೆ ಹೋಗಬೇಡ,” ಅಂದರು.

ಮರುದಿನ ಬೆಳಗ್ಗೆ ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದರು. ಚೀಲದ ಬಾಯಿಗೆ ದಾರ ಪೋಣಿಸಿ ಬಿಗಿಯುವ ಹಾಗೆ, ಸುತ್ತಲೂ ಕಪ್ಪು ರೇಷ್ಮೆ ದಾರ, ಮುಂದುಗಡೆ ಗಂಟು. ಲೂಪಿನ ದಾರವನ್ನು ಮುಟ್ಟಲಿಲ್ಲ. ನನಗೊಂದು ಚೀಟಿ ಬರೆದುಕೊಟ್ಟರು: ಎಂಟು ತಿಂಗಳು ತುಂಬಿದ ಕೂಡಲೇ ಇಲ್ಲಿಗೆ ಕರೆತರಬೇಕು. ಅದಕ್ಕೆ ಮೊದಲೇ ನೋವು ಬಂದರೆ ಮೈಸೂರಿಗೆ ಕಾಯದೆ ಮೊದಲು ಹೊಲಿಗೆ ಕತ್ತರಿಸಬೇಕು. ಕತ್ತರಿಸದಿದ್ದರೆ ಬಾಯಿ ಹರಿದು ತಾಯಿಯೂ ಉಳಿಯುವುದಿಲ್ಲ.

ಅಲ್ಲಿಂದ ಮುಂದಿನ ನಾಲ್ಕು ತಿಂಗಳು ನಾನು ಆ ಅತ್ತೆಯ ಜೊತೆ ಜಗಳವಾಡಿದಷ್ಟು ಯಾರ ಜೊತೆಯೂ ಆಡಿಲ್ಲ. ಸೊಸೆ ಹಾಸಿಗೆ ಬಿಟ್ಟು ಏಳಬಾರದು ಅಂದರೆ, “ಹೊಗೆಸೊಪ್ಪು ಪೋಣಿಸೋರು ಯಾರು, ನಿಮ್ಮಪ್ಪನಾ?” ಅಂದಳು. ಕೂತು ಪೋಣಿಸಲಿ ಅಂದಳು. ಮಲಗಿಯೇ ಪೋಣಿಸಲಿ ಅಂದಳು. ನಾನೂ ಬಿಡಲಿಲ್ಲ. ವಾರಕ್ಕೆ ಎರಡು ಸಲ ಹೋಗಿ ಬಾಗಿಲ ಬಳಿ ಕೂತೆ. ಚುಂಚನಕಟ್ಟೆಯ ಹೆಣ್ಣಿನ ಕಡೆಯವರು ಒಮ್ಮೆ ವಿಚಾರಿಸಲು ಬಂದು ಹೋಗಿದ್ದರು. ಅದನ್ನು ಸೊಸೆಯ ಕಿವಿಗೆ ಬೀಳುವ ಹಾಗೆ ಅತ್ತೆ ನೆರೆಯವಳಿಗೆ ಎರಡು ಸಲ ಹೇಳಿದಳು. ಗಂಡ ಅನ್ನುವವನು ಜಗುಲಿಯ ಕಂಬದ ಹಾಗೆ ಇರುತ್ತಿದ್ದ. ಕೇಳಿದ್ದಕ್ಕೆ ಹೂಂ, ಬೈದದ್ದಕ್ಕೂ ಹೂಂ.

ಆರನೇ ತಿಂಗಳಲ್ಲಿ ರಕ್ತ ಕಂಡಿತು. ನಾನು ಹೋಗುವ ಹೊತ್ತಿಗೆ ಅತ್ತೆ ಅಂಗಳದಲ್ಲಿ ನಿಂತು, “ಆಯ್ತಲ್ಲ, ಇದೂ ಓಯ್ತಲ್ಲ,” ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು. ಒಳಗೆ ಸೊಸೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಅಳುತ್ತಿರಲಿಲ್ಲ. “ಅಕ್ಕ, ನಿಜ ಯೋಳಿ. ಓಯ್ತಾ?” ಅಂದಳು. ಹೊಟ್ಟೆಯ ಮೇಲೆ ಕೊಳವೆಯಿಟ್ಟು ಕಿವಿಗೊಟ್ಟೆ. ಮಗುವಿನ ಎದೆಬಡಿತ ಸಿಗಲು ಸ್ವಲ್ಪ ಹೊತ್ತು ಬೇಕಾಯಿತು. ಸಿಕ್ಕಿತು. ಮಂಚದ ಕಾಲ ಕಡೆಗೆ ಎರಡೆರಡು ಇಟ್ಟಿಗೆ ಕೊಟ್ಟು ಎತ್ತರಿಸಿದೆ. ಮೂರು ದಿನಕ್ಕೆ ರಕ್ತ ನಿಂತಿತು. ಆ ಮೂರು ದಿನ ಅತ್ತೆಯೇ ಸೊಸೆಗೆ ಗಂಜಿ ಕುಡಿಸಿದಳು, ಬೈಯುತ್ತಲೇ.

ಏಳು ತುಂಬಿದಾಗ ಮೈಸೂರಿನಲ್ಲಿ ಎಕ್ಸ್‌ರೇ ತೆಗೆದರು. ಬಲಗಡೆ ಮಗುವಿನ ಬೆನ್ನುಮೂಳೆ, ತಲೆ ಮೇಲೆ. ಎಡಗಡೆ ಒಂದು ಬಿಳಿ ಬಳುಕು ಗೆರೆ, ಲೂಪು. ಅತ್ತೆ ಆ ಫಿಲ್ಮನ್ನು ಬಸ್ ಸ್ಟ್ಯಾಂಡಿನಲ್ಲಿ ಸೂರ್ಯನಿಗೆ ಹಿಡಿದು ನೋಡಿದಳು. “ನೋಡ್ದಾ, ಪಕ್ದಲ್ಲೇ ಕಾವಲು ಕೂತದೆ,” ಅಂದಳು. ಅವಳು ನನ್ನ ಮುಖ ನೋಡಿ ನಕ್ಕದ್ದು ಅದೇ ಮೊದಲು. ಹೇಳಬೇಕಾದ್ದನ್ನು ಆಗಲೂ ನಾನು ಹೇಳಲಿಲ್ಲ. ಹೆರಿಗೆಯಾಗಲಿ, ಆಮೇಲೆ ಅಂದುಕೊಂಡೆ.

ಎಂಟು ತುಂಬಲು ಇನ್ನೂ ವಾರವಿತ್ತು. ಬೆಳಗ್ಗೆ ಹತ್ತರ ಹೊತ್ತಿಗೆ ಕಂಬದಂಥ ಗಂಡ ಸೈಕಲ್ ತುಳಿದುಕೊಂಡು ಬಂದ. ಏದುಸಿರು ಬಿಡುತ್ತ, “ನೋವ್ ಬಂದದೆ, ನೀರೂ ಒಡೀತು,” ಅಂದ. ಹುಣಸೂರಿನ ಬಸ್ಸು ಹೋಗಿ ಒಂದು ಗಂಟೆಯಾಗಿತ್ತು. ನಮ್ಮ ಡಾಕ್ಟರು ರಜೆ. ಕತ್ತರಿ, ಇಕ್ಕಳ ಕುದಿಸಿ ಎತ್ತಿಕೊಂಡು ಅವನ ಸೈಕಲ್ಲಿನ ಹಿಂದೆ ಕೂತೆ.

ನೋವು ಐದು ನಿಮಿಷಕ್ಕೊಂದು ಬರುತ್ತಿತ್ತು. ಮಂಚವನ್ನು ಬಾಗಿಲ ಬೆಳಕಿಗೆ ಎಳೆಸಿದೆ. ಬಾಯಿ ಹೊಲಿಗೆಯ ಮೇಲೆ ಬಿಗಿದು ತೆಳ್ಳಗಾಗಿತ್ತು. ಗಂಟು ಊದಿದ ಮಾಂಸದಲ್ಲಿ ಹೂತುಹೋಗಿತ್ತು. ನೋವಿಲ್ಲದ ಹೊತ್ತು ನೋಡಿ ಬೆರಳಿನಿಂದ ಹುಡುಕಿದೆ. ಒಂದು ಸಲ ಸಿಕ್ಕಿತು, ಜಾರಿತು. ಎರಡನೇ ಸಲವೂ ಜಾರಿತು. ಮೂರನೇ ಸಲ ಗಂಟನ್ನು ಇಕ್ಕಳದಲ್ಲಿ ಹಿಡಿದು ಎಳೆದು, ಅದರ ಕೆಳಗೆ ಕತ್ತರಿಯ ತುದಿ ತೂರಿಸಿ ಕತ್ತರಿಸಿದೆ. ದಾರ ಪೂರ್ತಿ ಈಚೆ ಬಂತು.

ಅರ್ಧ ಗಂಟೆಯಲ್ಲಿ ಮಗುವಿನ ಬುಡ ಕಂಡಿತು. ಬುಡ ಮೊದಲು ಬರುವ ಹೆರಿಗೆಯಲ್ಲಿ ಮಾಡಬೇಕಾದ ದೊಡ್ಡ ಕೆಲಸ ಕೈ ಕಟ್ಟಿಕೊಂಡಿರುವುದು. ಎಳೆದರೆ ತಲೆ ಸಿಕ್ಕಿಕೊಳ್ಳುತ್ತದೆ. ಅತ್ತೆ ನನ್ನ ಭುಜ ಹಿಡಿದು ಅಲುಗಿಸಿ, “ಎಳಿಯೇ, ನೋಡ್ತಾ ಕೂತಿದ್ದೀಯಲ್ಲ,” ಎಂದು ಕಿರುಚಿದಳು. ಅವಳನ್ನು ಮೊಣಕೈಯಲ್ಲಿ ತಳ್ಳಿದೆ. ಹೊಕ್ಕುಳ ತನಕ ತಾನಾಗಿ ಬಂತು. ಹೊಕ್ಕುಳ ಬಳ್ಳಿಯನ್ನು ಸ್ವಲ್ಪ ಸಡಿಲಿಸಿ ಬಿಸಿ ಬಟ್ಟೆ ಸುತ್ತಿದೆ. ಒಂದೊಂದೇ ಕೈ ಬಿಡಿಸಿದೆ. ಆಮೇಲೆ ಮಗುವನ್ನು ತನ್ನ ಭಾರಕ್ಕೆ ತಾನೇ ತೂಗಲು ಬಿಟ್ಟೆ. ಕುತ್ತಿಗೆಯ ಹಿಂದಿನ ಕೂದಲ ಅಂಚು ಕಂಡ ಮೇಲೆ ಎರಡೂ ಪಾದ ಹಿಡಿದು ತಾಯಿಯ ಹೊಟ್ಟೆಯ ಕಡೆಗೆ ಎತ್ತಿದೆ. ಗಲ್ಲ, ಬಾಯಿ, ಮೂಗು, ಹಣೆ. ನೀಲಿಗಟ್ಟಿತ್ತು, ಅಳಲಿಲ್ಲ. ಬಾಯಿಯ ಲೋಳೆ ಹೀರಿ ತೆಗೆದು ಬೆನ್ನು ಉಜ್ಜಿದೆ, ಉಜ್ಜಿದೆ. ಮಗು ಅತ್ತಾಗ ಅತ್ತೆ ನೆಲದ ಮೇಲೆ ಕೂತುಬಿಟ್ಟಳು. ಹೆಣ್ಣು ಮಗು, ನಾಲ್ಕೂವರೆ ಪೌಂಡು. ಗಂಡಲ್ಲವಲ್ಲ ಎಂದು ಗೊಣಗುತ್ತಾಳೇನೋ ಅಂದುಕೊಂಡೆ. ಗೊಣಗಲಿಲ್ಲ.

ಮೂರನೇ ದಿನ ಬಾಣಂತಿಯ ಬಟ್ಟೆಯಲ್ಲಿ ರಕ್ತದ ಹೆಪ್ಪಿನ ಜೊತೆ ಲೂಪು ತಾನಾಗಿ ಬಿದ್ದಿತ್ತು. ನಾನು ಹೋಗುವಷ್ಟರಲ್ಲಿ ಅತ್ತೆ ಅದನ್ನು ತೊಳೆದು, ಅರಿಶಿನದ ನೀರಿನಲ್ಲಿ ಅದ್ದಿ, ದೇವರ ಗೂಡಿನಲ್ಲಿ ಇಟ್ಟು ಹೂವು ಮುಡಿಸಿದ್ದಳು. ನೋಡಿ ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಬಾಣಂತನ ಮುಗಿಯಲಿ, ಹೇಳುತ್ತೇನೆ ಅಂದುಕೊಂಡೆ. ಸೊಸೆ ಮಗುವನ್ನು ನನ್ನ ಮಡಿಲಿಗೆ ಹಾಕಿ, “ನಿಮ್ ಕೂಸು ಅಕ್ಕ ಇದು,” ಅಂದಳು.

ಮಗುವಿಗೆ ನಾಲ್ಕು ತಿಂಗಳಾಗಿರಬೇಕು, ಮತ್ತೆ ಕ್ಯಾಂಪು ಬಂತು. ಅದೇ ಶಾಲೆ, ಅದೇ ಜಗುಲಿ. ಬೆಳಗ್ಗೆ ಹೋದರೆ ನಾನು ಒಪ್ಪಿಸದ ಏಳು ಹೆಂಗಸರು ಸಾಲಾಗಿ ಕೂತಿದ್ದಾರೆ. ತಲೆಗೆ ಎಣ್ಣೆ ಹಾಕಿ ಬಾಚಿ, ಹೂ ಮುಡಿದು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ತೆಂಗಿನಕಾಯಿ. ಹಾರನಹಳ್ಳಿಯಿಂದ ಬಂದವರಿದ್ದರು, ಸಾಲಿಗ್ರಾಮದಿಂದ ಬಂದವರೂ ಇದ್ದರು. ಮುಂದೆ ಆ ಅತ್ತೆ ನಿಂತಿದ್ದಳು, ಪಕ್ಕದಲ್ಲಿ ಸೊಸೆ, ಸೊಸೆಯ ಕಂಕುಳಲ್ಲಿ ಮಗು.

“ನರ್ಸಮ್ಮ, ಇವ್ರ್ ಏಳು ಜನಕ್ಕೂ ಮಕ್ಳಿಲ್ಲ. ಇವ್ರ್ಗೂ ನಮ್ ಸೊಸೆಗೆ ಹಾಕ್ದಂಗೆ ಹಾಕ್ಸು,” ಅಂದಳು ಅತ್ತೆ.

ಇನ್ಸ್‌ಪೆಕ್ಟರನ ಮುಖ ಅರಳಿತ್ತು. ಚೀಟಿಯ ಕಟ್ಟು ನನ್ನ ಕೈಗೆ ಕೊಟ್ಟು, “ನೋಡಮ್ಮ, ಜನ ತಾವಾಗೇ ಬರ್ತಿದ್ದಾರೆ. ಒಬ್ಬೊಬ್ಬರನ್ನ ಕೇಳ್ತಾ ಕೂರಬೇಡ. ಮೂರು ಮೂರು ಅಂತ ಬರ್ಕೊಂಡು ಹೋಗು,” ಅಂದ.

ಮೊದಲನೆಯ ಚೀಟಿಯ ಮೇಲೆ ಒಬ್ಬಳ ಹೆಸರು ಬರೆದೆ. ಅವಳಿಗೆ ಹದಿನೆಂಟು ಇರಬಹುದು. ಮುಂದಿನ ಸಾಲು ‘ಬದುಕಿರುವ ಮಕ್ಕಳು’. ಪೆನ್ನು ಮುಚ್ಚಿ ಎದ್ದು ನಿಂತೆ.

“ಯಾರೂ ಹಾಕಿಸ್ಕೋಬೇಡಿ,” ಅಂದೆ. “ಇದು ಬಸಿರು ನಿಲ್ಲಿಸೋದಲ್ಲ. ಮಕ್ಕಳಾಗದ ಹಾಗೆ ಮಾಡೋದು. ಮಕ್ಕಳು ಸಾಕು ಅನ್ನೋರಿಗೆ ಮಾತ್ರ.”

ಇನ್ಸ್‌ಪೆಕ್ಟರ್ ನನ್ನ ಹೆಸರು ಹಿಡಿದು ಕೂಗಿದ. ಅತ್ತೆ ಅವನಿಗಿಂತ ಜೋರಾಗಿ, “ಸುಳ್ ಬೊಗಳ್ಬ್ಯಾಡ ನರ್ಸಮ್ಮ. ಕೂಸು ಇಲ್ಲೇ ಅದೆ ಕಣ್ಮುಂದೆ,” ಅಂದಳು.

“ಕೂಸು ಬೆಳೆದದ್ದು ಇನ್ನೊಂದು ಕೋಣೆಯಲ್ಲಿ ಅಮ್ಮ. ಮೈಸೂರಿನಲ್ಲಿ ಹೇಳಿದರಲ್ಲ. ಲೂಪಿಗೆ ಅವಳಲ್ಲಿ ಎರಡು ಕೋಣೆ ಇರೋದು ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಇವರಿಗೆಲ್ಲ ಒಂದೇ ಇರುತ್ತೆ.”

ಸೊಸೆ ಮಗುವನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಾಯಿಸಿಕೊಂಡು ಮುಂದೆ ಬಂದಳು. ದನಿ ಎತ್ತರಿಸಲಿಲ್ಲ.

“ಇದು ಮಕ್ಳಾಗ್ದಂಗೆ ಮಾಡೋದು ಅಂತ ನಿಮ್ಗೆ ಆವತ್ತೇ ಗೊತ್ತಿತ್ತಾ ಅಕ್ಕ?”

“ಗೊತ್ತಿತ್ತು.”

“ನಂಗೆ ಒಂದೂ ಇಲ್ಲ ಅನ್ನೋದೂ ಗೊತ್ತಿತ್ತು.”

“ಗೊತ್ತಿತ್ತು.”

“ಮತ್ಯಾಕೆ?”

ಒಂದೂವರೆ ವರ್ಷದಿಂದ ಈ ಪ್ರಶ್ನೆಗೆ ನಾನಾ ಥರದ ಉತ್ತರ ಕಟ್ಟಿಟ್ಟುಕೊಂಡಿದ್ದೆ. ತಾಯಿಯ ಕಾಯಿಲೆ, ಕೋಟೆಯ ಕಾಡು, ಆಮೇಲೆ ನಾನು ಪಟ್ಟ ಪಾಡು. ಒಂದೂ ಬಾಯಿಗೆ ಬರಲಿಲ್ಲ. “ಕ್ಯಾಂಪಿಗೆ ಆರು ಜನ ಕಮ್ಮಿ ಇದ್ದರು,” ಅಂದೆ.

ಅವಳು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಸೆರಗನ್ನು ಮಗುವಿನ ತಲೆಯ ಮೇಲೆ ಎಳೆದುಕೊಂಡಳು, ನನ್ನ ನೆರಳು ಬೀಳಬಾರದು ಅನ್ನುವ ಹಾಗೆ. ತಿರುಗಿ ನಡೆದಳು. ಅತ್ತೆ ಅವಳ ಹಿಂದೆ ಹೋದಳು. ತೆಂಗಿನಕಾಯಿ ಹಿಡಿದಿದ್ದ ಏಳು ಜನರೂ ಒಬ್ಬೊಬ್ಬರಾಗಿ ಎದ್ದರು.

ತಿಂಗಳೊಳಗೆ ನನಗೆ ಕೋಟೆಗೆ ವರ್ಗವಾಯಿತು. ಅದರ ಬಗ್ಗೆ ನನಗೆ ದೂರಿಲ್ಲ. ಹೊರಡುವ ಹಿಂದಿನ ವಾರ ಮಕ್ಕಳಿಗೆ ಸಿಡುಬು ಬಾರದಂತೆ ದಾಕು ಹಾಕುವ ದಿನವಿತ್ತು. ಘಟಕದ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದೆ. ಸೊಸೆ ಮಗುವನ್ನು ಎತ್ತಿಕೊಂಡು ರಸ್ತೆಯಲ್ಲಿ ಬಂದಳು. ನಾನು ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿಟ್ಟೆ. ಅವಳು ನನ್ನ ಬಾಗಿಲ ಮುಂದೆಯೇ ಹಾದು ಹೋಗಿ, ಬಿಸಿಲಲ್ಲಿ ನಿಂತು ಕಾದು, ಪಿರಿಯಾಪಟ್ಟಣದ ಬಸ್ಸು ಹತ್ತಿದಳು. ಸಂಜೆ ಅದೇ ಬಸ್ಸಿನಲ್ಲಿ ಇಳಿದಾಗ ಮಗುವಿನ ತೋಳಿನ ಮೇಲೆ ದಾಕಿನ ಗುರುತಿತ್ತು. ಬೇರೆ ಯಾರೋ ಹಾಕಿದ್ದರು, ಚೆನ್ನಾಗಿಯೇ ಹಾಕಿದ್ದರು.